ನಕಲು ಆಟ

ಎದುರಾಳಿ ನಡೆಸಿದಂತೆಯೇ ತಾನೂ ನಡೆಸುವವನನ್ನು ಚದುರಂಗದವರು ಕೊಂಚ ಕೀಳಾಗಿ ಕಾಣುತ್ತಾರೆ. ನಮ್ಮ ಆಫೀಸಿನ ಊಟದ ವೇಳೆಯ ಪಂಡಿತರಂತೂ ಅದಕ್ಕೆ 'ಕಾರ್ಬನ್ ಕಾಪಿ' ಎಂದೇ ಹೆಸರಿಟ್ಟಿದ್ದಾರೆ. ಪರಭಾಷೆಯ ಊರಿಗೆ ಬಂದ ಮೊದಲ ವರ್ಷ ನೆರೆಮನೆಯವರನ್ನು ನೋಡಿಯೇ ರೇಷನ್ನು, ಗ್ಯಾಸು ಎಲ್ಲ ಮಾಡಿಕೊಂಡವರು ನಾವು. ನಕಲನ್ನು ಹಳಿಯಲು ಮನಸ್ಸು ಬಾರದು. ಇನ್ನೊಂದು ಸ್ವಾರ್ಥವೂ ಉಂಟು. ಕರಿ ಕಾಯಿ ಬಂದರೆ ನಮ್ಮ ಮಗಳು ಆಡುವುದೇ ಹೀಗೆ. "ಇದು ಆಟವೇ ಅಲ್ಲ" ಎಂದು ಕಲಿಸುವವರು ಗದರಿದ ಮೇಲೆ, ಶಾಲೆಯ ಪಂದ್ಯಕ್ಕೆ ಹೆಸರು ಕೊಡುವುದಿಲ್ಲವೆಂದು ಮುಖ ಸಣ್ಣಗೆ ಮಾಡಿಕೊಂಡು ಕುಳಿತಿದ್ದಳು.

ಒಂದು ಭಾನುವಾರ ಅವಳಿಗೆ 1972ರ ರೇಕ್ಯಾವಿಕ್ ವಿಶ್ವ ಚಾಂಪಿಯನ್‌ಷಿಪ್ಪಿನ ಎಂಟನೆಯ ಆಟವನ್ನು ಮಣೆಯ ಮೇಲೆ ನಡೆಸಿ ತೋರಿಸಿದೆವು. ಬಿಳಿ ಫಿಷರ್ ಅವರದು, ಕರಿ ಸ್ಪಾಸ್ಕಿಯವರದು. ಫಿಷರ್ ಮಂತ್ರಿಯ ಬದಿಯ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ದೂಡಿದರು, ಸ್ಪಾಸ್ಕಿಯೂ ಹಾಗೆಯೇ. ಆಮೇಲೆ ಎರಡು ಕುದುರೆ, ಒಂಟೆ, ಕೋಟೆ ಸೇರಿದ ರಾಜ. ಆರು ನಡೆ ಮುಗಿದಾಗ ಮಣೆಯ ಆಚೆ ಈಚೆ ಒಂದೇ ಚಿತ್ರ! ಆದರೆ ಸರದಿ ಬಿಳಿಯದು. ನಾವು ಬಿ.ಎಸ್ಸಿ.ಯಲ್ಲಿ ಓದಿದ ಕನ್ನಡಿಯ ಬಿಂಬ ನಮ್ಮೊಡನೆಯೇ ಕೈಯೆತ್ತುತ್ತದೆ. ಚದುರಂಗದ ಬಿಂಬ ಒಂದು ನಡೆ ತಡವಾಗಿ ಎತ್ತುತ್ತದೆ. ಏಳನೆಯ ನಡೆಗೆ ಫಿಷರ್ ನಡುವಿನ ಕಾಲಾಳನ್ನು ಮುಂದಿಟ್ಟು ಜೋಡಿ ಮುರಿದರು.

ಸ್ಪಾಸ್ಕಿಯವರ ಆಟ ಕೆಟ್ಟದ್ದು ಅಲ್ಲಲ್ಲ. ಹದಿನಾಲ್ಕನೆಯ ನಡೆಯವರೆಗೂ ಭದ್ರವಾಗಿಯೇ ಇತ್ತು. ಹದಿನೈದಕ್ಕೆ ಬಿ7ರ ಕಾಲಾಳನ್ನು ಎರಡು ಮನೆ ನುಗ್ಗಿಸಿದರು. ಫಿಷರ್ ಅವರ ಒಂದು ಒಂಟೆ ಎ7ಕ್ಕೆ ಹಾರಿ ಬಿ8ರ ಆನೆಯನ್ನು ಹಿಡಿಯಿತು. ಆನೆ ಬಿ6ಕ್ಕೆ ಹೋಗುವಂತಿಲ್ಲ, ಅದೇ ಒಂಟೆಯ ಬಾಯಿ. ಎ8, ಬಿ7 ಎರಡನ್ನೂ ದೂರದ ಮೂಲೆಯ ಬಳಿಯಿಂದ ಇನ್ನೊಂದು ಒಂಟೆ ಕಾಯುತ್ತಿದೆ. ಕಾಲಾಳು ಬಿ7ರಲ್ಲಿ ಇದ್ದಷ್ಟು ಹೊತ್ತು ಆ ಓರೆದಾರಿ ಮುಚ್ಚಿತ್ತು. ಆನೆ ಹೋಗಿ ಒಂಟೆ ಸಿಕ್ಕಿತು. ಹತ್ತೊಂಬತ್ತಕ್ಕೆ ಕುದುರೆಯೊಂದು ತಪ್ಪಿ ನಡೆದು ಕಾಲಾಳೊಂದು ಹೋಯಿತು. ಬಿಳಿಯ 37ನೆಯ ನಡೆಗೆ ಸ್ಪಾಸ್ಕಿ ಸೋಲೊಪ್ಪಿದರು. ಲೆಕ್ಕ ಫಿಷರ್‌ಗೆ 5, ಸ್ಪಾಸ್ಕಿಗೆ 3.

"ಇದನ್ನ ಇಲ್ಲೇ ಬಿಟ್ಟಿದ್ರೆ ಏನಾಗ್ತಿತ್ತು, ಅಪ್ಪಾ?" ಎಂದು ಮಗಳು ಕಾಯಿಗಳನ್ನೆಲ್ಲ ಹಿಂದಿಟ್ಟು, ಕಾಲಾಳನ್ನು ಬಿ7ರಲ್ಲೇ ನಿಲ್ಲಿಸಿ, ಕರಿ ಮಂತ್ರಿಯನ್ನು ಅದರ ಮನೆಗೆ ಕರೆಸಿದಳು. ಅಲ್ಲಿಂದ ಮುಂದೆ ಬಿಳಿ ಕಾಯಿ ನಮ್ಮದು. ಒಂದು ಗಂಟೆ ತಿಣುಕಿದರೂ ಅವಳ ಆನೆ ನಮಗೆ ಸಿಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಎರಡನೆಯ ಕರೆ ಬಂತು. ಸೋಮವಾರ ಅವಳೇ ಹೋಗಿ ಪಂದ್ಯಕ್ಕೆ ಹೆಸರು ಬರೆಸಿ ಬಂದಳು.