ಅಂಚೆಚೀಲದ ಲೆಕ್ಕ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಒಂದು ಹೋಬಳಿ ಕೇಂದ್ರ. ಅಲ್ಲಿಂದ ಹೊರಟ ದಾರಿಯೊಂದರಲ್ಲಿ ಸಾಲಾಗಿ ಹತ್ತು ಹಳ್ಳಿಗಳಿವೆ ಎಂದಿಟ್ಟುಕೊಳ್ಳಿ. ಪ್ರತಿ ಹಳ್ಳಿಯವರಿಗೂ ತಮ್ಮೂರಿನಲ್ಲೋ ಪಕ್ಕದೂರಿನಲ್ಲೋ ಅಂಚೆ ಕಚೇರಿ ಸಿಗಬೇಕು. ಎಷ್ಟು ಕಚೇರಿ ಬೇಕು? ನಾಲ್ಕು ಸಾಕು: 2, 5, 8 ಮತ್ತು 10ನೆಯ ಹಳ್ಳಿಗಳಲ್ಲಿ ಒಂದೊಂದು. ಈಗ ಇನ್ನೊಂದು ಷರತ್ತು ಸೇರಿಸಿ. ಅಂಚೆಚೀಲ ಕಚೇರಿಯಿಂದ ಕಚೇರಿಗೇ ಕೈ ಬದಲಾಯಿಸುತ್ತ ಸಾಗಬೇಕು, ಕಚೇರಿಯಿಲ್ಲದ ಊರನ್ನು ಹಾಯಬಾರದು. ಆಗ ಎರಡು ತುದಿಯ ಊರುಗಳನ್ನು ಬಿಟ್ಟು ಉಳಿದ ಎಂಟರಲ್ಲೂ ಕಚೇರಿ ತೆರೆಯಬೇಕಾಗುತ್ತದೆ! ಒಂದೇ ಷರತ್ತು ಲೆಕ್ಕವನ್ನು ಇಮ್ಮಡಿ ಮಾಡಿತು.

ಊರುಗಳನ್ನು ಚುಕ್ಕೆಗಳಾಗಿ, ದಾರಿಗಳನ್ನು ಗೆರೆಗಳಾಗಿ ಬರೆದುಕೊಂಡು ಹೀಗೆ ಯೋಚಿಸುವುದೇ ಗ್ರಾಫ್ ಸಿದ್ಧಾಂತ. ಮೊದಲನೆಯ ಲೆಕ್ಕ ಹಳೆಯದು. ಚದುರಂಗದ ಮಣೆಯ 64 ಮನೆಗಳನ್ನೂ ಕಾಯಲು ಎಷ್ಟು ರಾಣಿಯರು ಬೇಕೆಂದು 19ನೆಯ ಶತಮಾನದಲ್ಲೇ ಕೇಳಿದ್ದರು, ಉತ್ತರ ಐದು. ಎರಡನೆಯ ಲೆಕ್ಕವನ್ನು 'ಕನೆಕ್ಟೆಡ್ ಡಾಮಿನೇಷನ್' ಎಂದು ಹೆಸರಿಟ್ಟು 1979ರಲ್ಲಿ ಲೇಖನವಾಗಿ ಪ್ರಕಟಿಸಿದವರು ಕನ್ನಡ ನಾಡಿನ ಇಬ್ಬರು: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ್. ಲೇಖನ ಅಚ್ಚಾದದ್ದು ನಮ್ಮ ದೇಶದ ನಿಯತಕಾಲಿಕದಲ್ಲೇ. ಪುಟಗಳು ಹತ್ತನ್ನು ಮುಟ್ಟಲಿಲ್ಲ.

ಗಣಿತ ಎಂ.ಎಸ್ಸಿ. ಓದುತ್ತೇನೆಂದ ಮಗನನ್ನು, ಮಗಳನ್ನು ಹೆತ್ತವರು ಕೇಳುವ ಪ್ರಶ್ನೆ ಒಂದೇ: ಇದರಿಂದ ಏನು ಉಪಯೋಗ? ತಪ್ಪು ಪ್ರಶ್ನೆಯೇನಲ್ಲ, ಫೀಸು ಕಟ್ಟುವವರು ಅವರೇ. ಆದರೆ 1979ರಲ್ಲಿ ಈ ಲೇಖನವನ್ನು ಮುಂದಿಟ್ಟು ಕೇಳಿದ್ದರೆ ತೃಪ್ತಿಕರ ಉತ್ತರ ಸಿಗುತ್ತಿರಲಿಲ್ಲ. 1997ರಲ್ಲಿ ಬೆವನ್ ದಾಸ್ ಮತ್ತು ವಡುವೂರ್ ಭಾರ್ಗವನ್ ಅದನ್ನು ತಂತಿಯಿಲ್ಲದ ಸಂಪರ್ಕಜಾಲಕ್ಕೆ ಬಳಸಿದರು. ಗೋಪುರವಿಲ್ಲದ ಕಡೆ ಉಪಕರಣದಿಂದ ಉಪಕರಣಕ್ಕೆ ಸಂದೇಶ ದಾಟಬೇಕು; ಎಲ್ಲವೂ ಆ ಹೊರೆ ಹೊತ್ತರೆ ಬ್ಯಾಟರಿ ಬರಿದಾಗುತ್ತದೆ. ಒಂದಕ್ಕೊಂದು ಕೊಂಡಿಯಾದ ಕೆಲವನ್ನೇ ಆರಿಸಿಕೊಂಡರೆ ಅವೇ ಜಾಲದ ಬೆನ್ನೆಲುಬು. ಅಂಚೆಚೀಲದ್ದೇ ಲೆಕ್ಕ! ಅಂಥ ಅತಿ ಚಿಕ್ಕ ಗುಂಪನ್ನು ಯಾವ ಜಾಲದಲ್ಲಾದರೂ ಬೇಗ ಹುಡುಕಿಕೊಡುವ ವಿಧಾನ ಮಾತ್ರ ಇನ್ನೂ ಯಾರಿಗೂ ಸಿಕ್ಕಿಲ್ಲ.

ವಾಲೀಕಾರರು ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಗಳಾದರು. ಸಂಪತ್‌ಕುಮಾರ್ ಮೈಸೂರು ವಿಶ್ವವಿದ್ಯಾಲಯಕ್ಕೆ ಬಂದರು. ಚುಕ್ಕೆ-ಗೆರೆಗಳನ್ನು ಮಾತ್ರ ಬಿಡಲಿಲ್ಲ. 1996ರಲ್ಲಿ ಎಲ್. ಪುಷ್ಪಲತಾ ಅವರೊಡನೆ ಬರೆದ ಲೇಖನದಲ್ಲಿ ಹೊಸದೊಂದು ತರತಮ ತಂದರು: ಹೆಚ್ಚು ದಾರಿ ಕೂಡುವ ಊರು ಕಡಿಮೆ ದಾರಿಯ ನೆರೆಯೂರನ್ನು ನೋಡಿಕೊಳ್ಳುವುದು ಒಂದು ಬಗೆ, ಸಣ್ಣದೇ ದೊಡ್ಡದನ್ನು ನೋಡಿಕೊಳ್ಳುವುದು ಇನ್ನೊಂದು ಬಗೆ.

ಅವರ 'ಸೆಮಿಗ್ರಾಫ್' ಕಲ್ಪನೆ ಹಳ್ಳಿಯ ಮಕ್ಕಳಿಗೆ ಇನ್ನೂ ಹತ್ತಿರದ್ದು. ಸಾಮಾನ್ಯ ಗ್ರಾಫಿನಲ್ಲಿ ಒಂದು ಗೆರೆ ಎಂದರೆ ಎರಡು ತುದಿ, ಅಷ್ಟೇ. ಆದರೆ ತುಮಕೂರಿನಿಂದ ಮಧುಗಿರಿಗೆ ಹೋಗುವ ಬಸ್ಸು ಕೊರಟಗೆರೆಯನ್ನು ಹಾದೇ ಹೋಗುತ್ತದೆ. ದಾರಿ ಒಂದೇ, ಊರು ಮೂರು. ಸೆಮಿಗ್ರಾಫಿನಲ್ಲಿ ತುಮಕೂರು, ಮಧುಗಿರಿ ತುದಿಯ ಚುಕ್ಕೆಗಳಾದರೆ ಕೊರಟಗೆರೆ ಅದೇ ಗೆರೆಯ ನಡುಚುಕ್ಕೆ. ಇನ್ನೊಂದು ದಾರಿಯ ಲೆಕ್ಕಕ್ಕೆ ಬಂದಾಗ ಅದೇ ಕೊರಟಗೆರೆ ತುದಿಯೂ ಆಗಬಹುದು.