ಪುಸ್ತಕದ ನುಡಿ
ಕಾಸರಗೋಡಿನ ಕನ್ನಡ ಶಾಲೆಯೊಂದರಲ್ಲಿ ಜೊತೆಯಾಗಿ ಓದಿದ ನಾವಿಬ್ಬರು ಮುಂದೆ ಅರಬ್ಬಿಯ ವ್ಯಾಸಂಗಕ್ಕಾಗಿ ಕೈರೋ ನಗರಕ್ಕೆ ಹೋದೆವು. ತರಗತಿಯಲ್ಲಿ ಕಲಿತದ್ದು ಗ್ರಂಥಸ್ಥ ಅರಬ್ಬಿ, ಅಂದರೆ ‘ಫುಸ್‌ಹಾ’. ಅದರಲ್ಲಿ ರೊಟ್ಟಿಗೆ ‘ಖುಬ್ಜ್’ ಎಂದು ಹೆಸರು. ಮೊದಲ ವಾರ ರೊಟ್ಟಿಯಂಗಡಿಯಲ್ಲಿ ‘ಉರೀದು ಖುಬ್ಜನ್’ ಎಂದು ವಿಭಕ್ತಿ ತಪ್ಪದೆ ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ಈಜಿಪ್ಟಿನ ಬೀದಿಯಲ್ಲಿ ರೊಟ್ಟಿಯೆಂದರೆ ‘ಐಶ್’. ಆ ಪದಕ್ಕೆ ಬದುಕು ಎಂಬ ಅರ್ಥವೂ ಉಂಟು.

ಆ ನಗೆ ನಮಗೆ ಹೊಸದಾಗಿರಲಿಲ್ಲ. ಹಿಂದೊಮ್ಮೆ ಬೆಂಗಳೂರಿನ ಬಸ್ಸಿನಲ್ಲಿ ನಮ್ಮ ಮಾತನ್ನು ಕೇಳಿ ‘ಪುಸ್ತಕದ ಕನ್ನಡ’ವೆಂದು ನಕ್ಕಿದ್ದರು. ಅಂದಿನಿಂದ ಅಲ್ಲಿ ಬಾಯಿ ತೆರೆಯಲು ಅಳುಕುತ್ತಿದ್ದೆವು.

ಕೈರೋದ ವಿದ್ಯಾರ್ಥಿನಿಲಯದಲ್ಲಿ ಮೊರೊಕ್ಕೊದವರೂ ಇರಾಕಿನವರೂ ಇದ್ದರು. ಒಬ್ಬರ ಆಡುಮಾತು ಇನ್ನೊಬ್ಬರಿಗೆ ತಿಳಿಯದಾದಾಗ ಅವರು ಫುಸ್‌ಹಾದ ಮೊರೆ ಹೊಗುತ್ತಿದ್ದರು. ಅದನ್ನು ಕೇಳುತ್ತಿದ್ದಂತೆ ನಮ್ಮ ಶಾಲೆ ನೆನಪಾಯಿತು. ನಮ್ಮಲ್ಲಿ ಒಬ್ಬನ ಮನೆಯಲ್ಲಿ ತುಳುವಿನ ‘ನುಪ್ಪು’, ಇನ್ನೊಬ್ಬನ ಮನೆಯಲ್ಲಿ ಮಲಯಾಳದ ‘ಚೋರು’. ಶಾಲೆಯ ಜಗಲಿಯಲ್ಲಿ ಬುತ್ತಿ ಬಿಚ್ಚಿದಾಗ ಇಬ್ಬರಿಗೂ ಅದು ‘ಅನ್ನ’. ನಮ್ಮನ್ನು ಸ್ನೇಹಿತರನ್ನಾಗಿ ಮಾಡಿದ್ದು ಆ ಪುಸ್ತಕದ ಕನ್ನಡವೇ.

ರೊಟ್ಟಿಯಂಗಡಿಯಲ್ಲಿ ‘ಐಶ್’ ಎನ್ನುವುದನ್ನು ಬೇಗನೆ ಕಲಿತೆವು. ಬೆಂಗಳೂರಿನ ಬಸ್ಸಿನಲ್ಲಿ ಮಾತ್ರ ಈಗ ನಮ್ಮ ಕನ್ನಡವನ್ನೇ ಆಡುತ್ತೇವೆ, ಅಳುಕಿಲ್ಲದೆ.