ಗಾಳಿ ಬೆನ್ನಿಗಿದ್ದ ದಿನ

ನರಗುಂದದಿಂದ ರೋಣ, ಸೂಡಿ ದಾಟಿ ಗಜೇಂದ್ರಗಡ. ಆಷಾಢದ ಪಡುವಣ ಗಾಳಿ ಬೆನ್ನಿಗಿತ್ತು. ಹಾಗಾಗಿ ಸೈಕಲ್ ತುಳಿದ ಹೆಮ್ಮೆಯಲ್ಲಿ ಅರ್ಧ ಪಾಲು ಗಾಳಿಯದೇ.

ಬೆಳಿಗ್ಗೆ ನರಗುಂದದ ಗುಡ್ಡ ನೋಡುತ್ತ ಚಹಾ ಕುಡಿದೆ. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಬಾಬಾಸಾಹೇಬನ ಊರು. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ರೈತರು ಬೀದಿಗಿಳಿದದ್ದೂ ಇಲ್ಲೇ. ಗುಡ್ಡದ ಮೇಲಿನ ಕೋಟೆಗಿಂತ ಆ ರೈತರ ನೆನಪಿನ ವೀರಗಲ್ಲಿನ ಮುಂದೆಯೇ ಹೆಚ್ಚು ಹೊತ್ತು ನಿಂತೆ.

ರೋಣದ ಆಚೆ ಜಾಣತನ ಮಾಡಿ ಹೊಲದ ದಾರಿ ಹಿಡಿದೆ. ರಾತ್ರಿ ಮಳೆಯಾಗಿತ್ತು. ಎರೆಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡ್ ಒಳಗೆ ತುಂಬಿ, ನೂರು ಹೆಜ್ಜೆಯೊಳಗೆ ಗಾಲಿ ತಿರುಗುವುದೇ ನಿಂತಿತು. ಬಾಟಲಿಯ ನೀರು ಸುರಿಯಲು ಹೊರಟೆ. ಬದುವಿನ ಮೇಲೆ ಆಡು ಕಾಯುತ್ತಿದ್ದ ಅಜ್ಜ ಕೂಗಿದ: "ನೀರ ಹಾಕಬ್ಯಾಡ ತಮ್ಮಾ, ಮತ್ತಿಷ್ಟು ಅಂಟ್ತೈತಿ. ಜಾಲಿ ಕಡ್ಡಿ ತಗೊಂಡು ಕೆರಕೋ." ಕೆರೆದೆ. ಅರ್ಧ ಗಂಟೆ! ಅಜ್ಜನ ಆಡುಗಳೂ ನಿಂತು ನೋಡಿದವು.

ಸೂಡಿಯ ಜೋಡು ಕಳಸದ ಗುಡಿಗೆ ಹೆಸರಿನಂತೆಯೇ ಎರಡು ಶಿಖರ. ಕಲ್ಯಾಣ ಚಾಲುಕ್ಯರ ಕಾಲದ್ದು, 11ನೇ ಶತಮಾನ. ಪಕ್ಕದ ನಾಗಕುಂಡದ ಮೆಟ್ಟಿಲ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಇಂಥ ಊಟದ ಮನೆ ಯಾವ ಹೋಟೆಲಿಗೂ ಇಲ್ಲ.

ಸಂಜೆ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಗಿರ್ರನೆ ತಿರುಗುತ್ತಿದ್ದವು. ವಾಪಸ್ ಹೋಗುವುದು ಅದೇ ಗಾಳಿಗೆ ಎದುರಾಗಿ ಅನ್ನುವುದು ಆಗ ಹೊಳೆಯಿತು. ಸೈಕಲ್ ಬಸ್ಸಿನ ಮೇಲೇರಿತು.

ನೀವು ಹೊರಟರೆ ನರಗುಂದದಿಂದಲೇ ಶುರುಮಾಡಿ. ಮಳೆ ಬಿದ್ದಿದ್ದರೆ ಮಾತ್ರ ಡಾಂಬರು ಬಿಟ್ಟು ಇಳಿಯಬೇಡಿ.